ರೋಡ್ ಐಲೆಂಡ್‌ನ ವಿಚಿತ್ರಗಳಿಗೂ ಕಾರಣಗಳಿವೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡ್ ಕುರಿತು ‘ನಿಮಗಿದು ಗೊತ್ತೇ?’ ಎಂಬ ಧಾಟಿಯಲ್ಲಿ ಹತ್ತು ಹನ್ನೆರಡು ಸ್ವಾರಸ್ಯಗಳನ್ನು ಪ್ರಕಟಿಸಿದ್ದೀರಿ. ಮಗಳ ಸಂಸಾರ ಆ ರಾಜ್ಯದ ರಾಜಧಾನಿ ಪ್ರಾವಿಡೆನ್ಸ್‌ನಲ್ಲಿರುವುದರಿಂದ ನಾನು ಎರಡು ಸಲ ಅಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ನಿವೃತ್ತ ವಕೀಲನಿಗೆ ಅಲ್ಲಿ ಮೊಮ್ಮಕ್ಕಳು ಶಾಲೆಯಿಂದ ಬರುವವರೆಗೆ ಬೇರೆ ಕೆಲಸವಿಲ್ಲದ ಕಾರಣ, ಹಗಲನ್ನೆಲ್ಲ ಗ್ರಂಥಾಲಯದಲ್ಲಿಯೂ ಹಳೆಯ ಕಟ್ಟಡಗಳ ಸುತ್ತಲೂ ಕಳೆದಿದ್ದೇನೆ. ನಿಮ್ಮ ಅಂಕಣದಲ್ಲಿ ಎರಡು ತಪ್ಪುಗಳಿವೆ. ಅವನ್ನು ಮುಂದೆ ಹೇಳುತ್ತೇನೆ. ಆದರೆ ಆ ತಪ್ಪುಗಳಿಗಿಂತ ಹೆಚ್ಚಾಗಿ ನನಗೆ ಒಗ್ಗದೆ ಹೋದದ್ದು, ನಿಜವಾದ ಸಂಗತಿಗಳನ್ನೂ ಅವುಗಳ ಕಾರಣದಿಂದ ಬಿಡಿಸಿ, ಅಲ್ಲಿಯ ಜನರೆಲ್ಲ ತಿಕ್ಕಲರೇನೋ ಎಂಬಂತೆ ಸಾಲಾಗಿ ಜೋಡಿಸಿರುವ ರೀತಿ.

‘ಇಷ್ಟು ಪುಟ್ಟದೂ ಒಂದು ರಾಜ್ಯವೇ?’ ಎಂದು ಅಂಕಣ ಆರಂಭವಾಗುತ್ತದೆ. ಕೊಲ್ಲಿಯ ನೀರನ್ನೂ ಸೇರಿಸಿದರೆ ರೋಡ್ ಐಲೆಂಡ್‌ನ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯದು 4,102. ಇದೇ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯವಾಗಿತ್ತು. ಆದ್ದರಿಂದ ನಿಮ್ಮ ಬರಹಗಾರರಿಗೆ ಆಗಿರುವ ಅಚ್ಚರಿ ಮಡಿಕೇರಿಯ ನಮ್ಮ ತಲೆಮಾರಿನವರಿಗೆ ಆಗುವಂತಿಲ್ಲ.

ಇನ್ನು ಮೊದಲ ತಪ್ಪು. ಅಂಕಣ ಅದನ್ನು ‘ದ್ವೀಪ ರಾಜ್ಯ’ ಎಂದು ಕರೆದಿದೆ. ರಾಜ್ಯದ ಹೆಚ್ಚಿನ ಭಾಗ, ರಾಜಧಾನಿಯೂ ಸೇರಿದಂತೆ, ಮುಖ್ಯ ಭೂಭಾಗದಲ್ಲಿಯೇ ಇದೆ. ನಾರಗ್ಯಾನ್ಸೆಟ್ ಕೊಲ್ಲಿಯ ನಡುವೆ ಇರುವ, ನ್ಯೂಪೋರ್ಟ್ ಪಟ್ಟಣವನ್ನು ಹೊತ್ತಿರುವ ಒಂದು ದೊಡ್ಡ ದ್ವೀಪದ ಹೆಸರು ಮಾತ್ರ ರೋಡ್ ಐಲೆಂಡ್. ದಡದ ಮೇಲಿನ ನೆಲೆಗಳನ್ನು ಪ್ರಾವಿಡೆನ್ಸ್ ಪ್ಲಾಂಟೇಷನ್ಸ್ ಎನ್ನುತ್ತಿದ್ದರು. ಎರಡೂ ಒಂದಾದಾಗ ಎರಡು ಹೆಸರನ್ನೂ ಉಳಿಸಿಕೊಂಡದ್ದರಿಂದಲೇ ಅತಿ ಚಿಕ್ಕ ರಾಜ್ಯಕ್ಕೆ ಅತಿ ಉದ್ದದ ಅಧಿಕೃತ ಹೆಸರು ಅಂಟಿಕೊಂಡಿತು. ಆ ಹೆಸರನ್ನು 2020ರಲ್ಲಿ ಮೊಟಕುಗೊಳಿಸಲಾಯಿತು ಎಂದಷ್ಟೇ ನೀವು ಬರೆದಿದ್ದೀರಿ. ಉದ್ದವಾಯಿತೆಂದು ಬೇಸತ್ತು ಕತ್ತರಿಸಿದರೆಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಹದಿನೇಳನೆಯ ಶತಮಾನದಲ್ಲಿ ‘ಪ್ಲಾಂಟೇಷನ್’ ಎಂದರೆ ಹೊಸ ವಸತಿ ಎಂದಷ್ಟೇ ಅರ್ಥವಿತ್ತು. ಆದರೆ ಆಮೇಲೆ ಆ ಪದಕ್ಕೆ ಗುಲಾಮರ ಬೆವರಿನ ವಾಸನೆ ಹತ್ತಿತು; ಜೊತೆಗೆ, ಉತ್ತರ ಅಮೆರಿಕದ ಬಂದರುಗಳಿಂದ ಆಫ್ರಿಕಾಕ್ಕೆ ಗುಲಾಮರನ್ನು ತರಲು ಹೊರಟ ಹಡಗುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಪುಟ್ಟ ರಾಜ್ಯದವೇ ಆಗಿದ್ದವು. ಹೆಸರು ಬದಲಾವಣೆಯ ಪ್ರಶ್ನೆಯನ್ನು 2010ರಲ್ಲಿ ಮತಕ್ಕೆ ಹಾಕಿದಾಗ ಜನ ಭಾರಿ ಬಹುಮತದಿಂದ ತಿರಸ್ಕರಿಸಿದ್ದರು. ಹತ್ತು ವರ್ಷಗಳ ಬಳಿಕ ಅದೇ ಜನ ಒಪ್ಪಿದರು. ಈ ಎರಡು ಮತದಾನಗಳ ನಡುವೆ ಜನರ ಮನಸ್ಸು ಬದಲಾದದ್ದು ಹೆಸರಿನ ಉದ್ದಕ್ಕಿಂತ ದೊಡ್ಡ ಸುದ್ದಿ.

‘ಸ್ಥಾಪಕನನ್ನು ನುಂಗಿದ ಸೇಬಿನ ಮರ’ ಎಂಬ ನಿಮ್ಮ ಮೂರು ಸಾಲುಗಳನ್ನು ಓದಿ ನಕ್ಕವರು ಹಲವರಿರಬಹುದು. ಸಂಗತಿ ನಿಜವೇ. ಧರ್ಮದ ವಿಷಯದಲ್ಲಿ ಸರ್ಕಾರ ತಲೆಹಾಕಬಾರದು, ಮೂಲನಿವಾಸಿಗಳ ಭೂಮಿಯನ್ನು ಬೆಲೆ ಕೊಡದೆ ಕಸಿಯಲು ರಾಜನಿಗೂ ಹಕ್ಕಿಲ್ಲ ಎಂದು ವಾದಿಸಿದ ಪಾದ್ರಿ ರೋಜರ್ ವಿಲಿಯಮ್ಸ್‌ನನ್ನು ಮ್ಯಾಸಚೂಸೆಟ್ಸ್‌ನವರು 1635ರಲ್ಲಿ ಗಡೀಪಾರು ಮಾಡಿದರು. ಅವನು ಹಿಮದಲ್ಲಿ ನಡೆದು ಹೋಗಿ, 1636ರಲ್ಲಿ ನಾರಗ್ಯಾನ್ಸೆಟ್ ಬುಡಕಟ್ಟಿನ ನಾಯಕರಿಂದ ಜಾಗ ಪಡೆದು ಪ್ರಾವಿಡೆನ್ಸ್ ಕಟ್ಟಿದ. ಅವರ ಭಾಷೆಯನ್ನು ಕಲಿತು 1643ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದ. ಸತ್ತಾಗ ಮನೆಯ ಹಿತ್ತಲಿನಲ್ಲಿ ಹೂಳಿದ್ದರು. ತಕ್ಕ ಸ್ಮಾರಕ ಕಟ್ಟಬೇಕೆಂದು 1860ರಲ್ಲಿ ಗುಂಡಿ ತೋಡಿದರೆ ಮೂಳೆಗಳೇ ಇಲ್ಲ. ಪಕ್ಕದ ಸೇಬಿನ ಮರದ ಬೇರೊಂದು ಬೆನ್ನೆಲುಬಿನ ಜಾಡು ಹಿಡಿದು ಇಳಿದು, ಸೊಂಟದ ಬಳಿ ಕವಲೊಡೆದು, ಮೊಣಕಾಲಿನ ಜಾಗದಲ್ಲಿ ಬಾಗಿ, ಪಾದದ ಬಳಿ ಮೇಲಕ್ಕೆ ತಿರುಗಿ ಮನುಷ್ಯನ ಆಕಾರದಲ್ಲಿಯೇ ಬೆಳೆದಿತ್ತು. ಆ ಬೇರನ್ನು ಜೋಪಾನವಾಗಿ ತೆಗೆದಿಟ್ಟರು, ನಾನೂ ನೋಡಿದ್ದೇನೆ.

ಅಂಕಣ ಹೇಳದೆ ಬಿಟ್ಟಿರುವುದು, ಆ ಬೇರು ಯಾರ ಮನೆಯಲ್ಲಿದೆ ಎಂಬುದನ್ನು. ಈಗ ವಸ್ತುಸಂಗ್ರಹಾಲಯವಾಗಿರುವ ಆ ದೊಡ್ಡ ಇಟ್ಟಿಗೆಯ ಮನೆ ವರ್ತಕ ಜಾನ್ ಬ್ರೌನ್‌ನದು. ಸುಂಕದ ಕಾವಲಿಗೆ ನಿಂತಿದ್ದ ಗ್ಯಾಸ್ಪಿ ಎಂಬ ಬ್ರಿಟಿಷ್ ಹಡಗು 1772ರ ಜೂನ್‌ನಲ್ಲಿ ಸರಕು ದೋಣಿಯೊಂದನ್ನು ಬೆನ್ನಟ್ಟಿ ಬಂದು ಆಳವಿಲ್ಲದ ನೀರಿನಲ್ಲಿ ಸಿಕ್ಕಿಕೊಂಡಾಗ, ರಾತ್ರಿ ದೋಣಿಗಳಲ್ಲಿ ಹೋಗಿ ಅದಕ್ಕೆ ಬೆಂಕಿ ಇಟ್ಟವರ ಮುಂದಾಳು ಈತ. ಬ್ರಿಟಿಷ್ ತೆರಿಗೆಯನ್ನು ಪ್ರತಿಭಟಿಸಿ ಚಹಾವನ್ನು ನೀರಿಗೆಸೆದ ಬಾಸ್ಟನ್‌ನ ಪ್ರಸಿದ್ಧ ಪ್ರಕರಣ ನಡೆದದ್ದು ಇದಾದ ಒಂದೂವರೆ ವರ್ಷದ ನಂತರ. ಅದೇ ಬ್ರೌನ್ ಗುಲಾಮರ ವ್ಯಾಪಾರವನ್ನೂ ನಡೆಸಿದ. ಆ ವ್ಯಾಪಾರವನ್ನು ನಿರ್ಬಂಧಿಸುವ 1794ರ ಕಾಯ್ದೆಯಡಿ ವಿಚಾರಣೆಗೆ ಒಳಗಾಗಿ 1797ರಲ್ಲಿ ಒಂದು ಹಡಗನ್ನು ಕಳೆದುಕೊಂಡ. ಆ ಹಡಗಿನ ಹೆಸರು ಹೋಪ್, ಅಂದರೆ ಭರವಸೆ. ರಾಜ್ಯದ ಧ್ವಜದ ಮೇಲೆ ಲಂಗರಿನ ಕೆಳಗೆ ಬರೆದಿರುವ ಧ್ಯೇಯವಾಕ್ಯವೂ ಅದೇ ಒಂದು ಪದ.

‘ಬ್ರಿಟನ್ನಿನಿಂದ ಮೊದಲು ಬಿಡಿಸಿಕೊಂಡದ್ದೂ ಇದೇ, ಅಮೆರಿಕ ಒಕ್ಕೂಟಕ್ಕೆ ಕೊನೆಗೆ ಸೇರಿದ್ದೂ ಇದೇ, ಎಂಥ ಚಂಚಲತೆ!’ ಎಂಬ ಷರಾ ನನಗೆ ಸರಿ ತೋರಲಿಲ್ಲ. 1776ರ ಮೇ 4ರಂದು, ಅಂದರೆ ಸ್ವಾತಂತ್ರ್ಯ ಘೋಷಣೆಗೆ ಎರಡು ತಿಂಗಳು ಮೊದಲೇ, ರೋಡ್ ಐಲೆಂಡ್ ರಾಜನಿಷ್ಠೆಯನ್ನು ಕೈಬಿಟ್ಟಿತು. ಸಂವಿಧಾನ ರಚಿಸಲು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆಗೆ ಪ್ರತಿನಿಧಿಗಳನ್ನೇ ಕಳುಹಿಸಲಿಲ್ಲ. ಮರುವರ್ಷ ಜನಮತ ಕೇಳಿದಾಗ ಸಂವಿಧಾನದ ಪರ ಬಿದ್ದ ಮತಗಳು 237, ವಿರುದ್ಧ ಬಿದ್ದವು ಸುಮಾರು 2,700. ಕೊನೆಗೆ ಇದನ್ನು ವಿದೇಶವೆಂದೇ ಎಣಿಸಿ ವ್ಯಾಪಾರ ತಡೆಯುವ ಮಸೂದೆ ಒಕ್ಕೂಟದ ಸೆನೆಟ್‌ನಲ್ಲಿ ಅಂಗೀಕಾರವಾದ ಮೇಲೆ, ಮೂಲ ಹದಿಮೂರು ರಾಜ್ಯಗಳಲ್ಲಿ ಕೊನೆಯದಾಗಿ, 1790ರ ಮೇ 29ರಂದು 34ಕ್ಕೆ 32 ಮತಗಳಿಂದ ಒಪ್ಪಿಕೊಂಡಿತು. ಇದರಲ್ಲಿ ಚಂಚಲತೆ ಎಲ್ಲಿದೆ? ದೂರದ ಲಂಡನ್ ಬೇಡವೆಂದವರು ದೂರದ ಇನ್ನೊಂದು ಸರ್ಕಾರವೂ ಬೇಡವೆಂದರು. ಎರಡೂ ಒಂದೇ ಹಟ.

ಆ ಹಟದ ಹಿಂದೆ ಸಾಲದ ಲೆಕ್ಕವೂ ಇತ್ತು. ಯುದ್ಧದ ನಂತರ ಸಾಲದಲ್ಲಿ ಮುಳುಗಿದ್ದ ರೈತರು ಶಾಸನಸಭೆಯಲ್ಲಿ ಬಹುಮತ ಪಡೆದು 1786ರಲ್ಲಿ ಕಾಗದದ ಹಣ ಹೊರಡಿಸಿದರು. ಅದನ್ನು ಮುಖಬೆಲೆಗೆ ತೆಗೆದುಕೊಳ್ಳಲು ಒಪ್ಪದ ವ್ಯಾಪಾರಿಗಳಿಗೆ ದಂಡವೆಂದೂ, ಅಂಥವರ ವಿಚಾರಣೆ ಜ್ಯೂರಿ ಇಲ್ಲದೆ ನಡೆಯತಕ್ಕದ್ದೆಂದೂ ಕಾನೂನು ಮಾಡಿದರು. ಹೊಸ ಸಂವಿಧಾನವಾದರೋ ರಾಜ್ಯಗಳು ಇಂಥ ನೋಟು ಹೊರಡಿಸುವುದನ್ನೇ ನಿಷೇಧಿಸುತ್ತಿತ್ತು. ನ್ಯೂಪೋರ್ಟ್‌ನ ವೀಡನ್ ಎಂಬ ಕಟುಕನೊಬ್ಬ ಮಾಂಸಕ್ಕೆ ಆ ನೋಟು ಬೇಡವೆಂದ. ಮೊಕದ್ದಮೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ನ್ಯಾಯಮೂರ್ತಿಗಳು ಕೈಬಿಟ್ಟಾಗ ಶಾಸನಸಭೆ ಅವರನ್ನೇ ಕರೆಸಿ ವಿವರಣೆ ಕೇಳಿತು. ಮರುವರ್ಷ ಅವರಲ್ಲಿ ಹೆಚ್ಚಿನವರನ್ನು ಮತ್ತೆ ಆರಿಸಲಿಲ್ಲ. ಶಾಸನಸಭೆಯ ಕಾನೂನನ್ನು ನ್ಯಾಯಾಲಯ ಪ್ರಶ್ನಿಸಬಹುದೇ ಎಂಬ ವಾದ, ಪ್ರಶ್ನಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಸಾರಿದ 1803ರ ಮಾರ್ಬರಿ ತೀರ್ಪಿಗೂ ಮೊದಲೇ, ಒಬ್ಬ ಕಟುಕನ ಅಂಗಡಿಯಿಂದ ಎದ್ದು ಬಂದಿತ್ತು ಎಂಬುದು ನನ್ನ ವೃತ್ತಿಯವರಿಗೆ ಮರದ ಬೇರಿಗಿಂತ ಹೆಚ್ಚು ರುಚಿಸೀತು.

ಇಷ್ಟು ಹಟದ ಜನ ಸ್ವಾತಂತ್ರ್ಯ ಬಂದ ಮೇಲೂ ಎರಡನೆಯ ಚಾರ್ಲ್ಸ್ ದೊರೆ 1663ರಲ್ಲಿ ಕೊಟ್ಟ ಸನ್ನದನ್ನೇ ತಮ್ಮ ಸಂವಿಧಾನವಾಗಿ 1843ರವರೆಗೆ ಇಟ್ಟುಕೊಂಡದ್ದು ನಿಜವಾದ ವಿಚಿತ್ರ. ಅದು ನಿಮ್ಮ ಪಟ್ಟಿಯಲ್ಲಿಲ್ಲ. ಯಾರನ್ನೂ ಅವರ ಧಾರ್ಮಿಕ ನಂಬಿಕೆಗಾಗಿ ಪೀಡಿಸಬಾರದೆಂಬ ಭರವಸೆ ಆ ಸನ್ನದಿನಲ್ಲಿತ್ತು. ಅಮೆರಿಕದಲ್ಲಿ ಇಂದಿಗೂ ನಿಂತಿರುವ ಯೆಹೂದಿ ಪ್ರಾರ್ಥನಾ ಮಂದಿರಗಳಲ್ಲಿ ಅತ್ಯಂತ ಹಳೆಯದಾದ, 1763ರ ಟೂರೊ ಮಂದಿರ ನ್ಯೂಪೋರ್ಟ್‌ನಲ್ಲಿರುವುದಕ್ಕೆ ಆ ವಾತಾವರಣವೇ ಕಾರಣ. ಅದೇ ಸನ್ನದಿನ ಆಡಳಿತದಲ್ಲಿ ಜಮೀನಿಲ್ಲದವನಿಗೆ ಮತವಿರಲಿಲ್ಲ. ಅದನ್ನು ಕಿತ್ತುಹಾಕಲು 1842ರಲ್ಲಿ ತಾಮಸ್ ಡೋರ್ ಎಂಬಾತನ ನೇತೃತ್ವದಲ್ಲಿ ಬಂಡಾಯವೇ ಆಗಬೇಕಾಯಿತು.

‘ಇನ್ನೊಬ್ಬರ ಕಾಲನ್ನು ಕಚ್ಚಿ ತುಂಡು ಮಾಡುವುದು ಇಲ್ಲಿ ಅಪರಾಧ!’ ಎಂಬ ಸಾಲಿನ ಮುಂದೆ ನೀವು ನಗುವ ಮುಖ ಹಾಕಿದ್ದೀರಿ. ಕಣ್ಣು ಕೀಳುವುದು, ಮೂಗು, ಕಿವಿ, ತುಟಿ ಸೀಳುವುದು, ಅವಯವವನ್ನು ಕತ್ತರಿಸುವುದು ಅಥವಾ ಕಚ್ಚಿ ತೆಗೆಯುವುದು ಇವೆಲ್ಲವನ್ನೂ ಒಂದೇ ಕಲಮಿನಲ್ಲಿ ಹೇಳುವ, 20 ವರ್ಷದವರೆಗೆ ಸಜೆ ವಿಧಿಸಬಹುದಾದ ಅಂಗಭಂಗದ ಕಾನೂನು ಅದು. ಇಂಥ ಕಲಮಿನ ಮೂಲ ಇಂಗ್ಲೆಂಡಿನಲ್ಲಿದೆ. ಮೇಲೆ ಹೇಳಿದ ಅದೇ ಚಾರ್ಲ್ಸ್ ದೊರೆಯ ಖಾಸಗಿ ಬದುಕಿನ ಬಗ್ಗೆ ಪಾರ್ಲಿಮೆಂಟಿನಲ್ಲಿ ಕುಚೋದ್ಯದ ಮಾತಾಡಿದ ಸರ್ ಜಾನ್ ಕೊವೆಂಟ್ರಿಯ ಮೂಗನ್ನು 1670ರಲ್ಲಿ ಬೀದಿಯಲ್ಲಿ ಹಿಡಿದು ಸೀಳಿದ ಮೇಲೆ, ಅಂಥ ಕೃತ್ಯವನ್ನು ಘೋರ ಅಪರಾಧವೆಂದು ಸಾರುವ ಕಾಯ್ದೆ ಅಲ್ಲಿ ಬಂತು. ನಗುವ ಮುನ್ನ ನಮ್ಮ ಪುಸ್ತಕವನ್ನೂ ತೆರೆಯಬೇಕಿತ್ತು. 1860ರ ಭಾರತೀಯ ದಂಡ ಸಂಹಿತೆಯ 320ನೆಯ ಕಲಂ ತೀವ್ರ ಗಾಯವೆಂದರೆ ಏನೆಂದು ವಿವರಿಸುವಾಗ ಕಣ್ಣು, ಕಿವಿ, ಅವಯವ, ಕೀಲು, ಮುಖದ ವಿಕಾರ, ಮೂಳೆ, ಹಲ್ಲುಗಳನ್ನು ಹೀಗೆಯೇ ಎಣಿಸುತ್ತಿತ್ತು. ಈಗಿನ ನ್ಯಾಯ ಸಂಹಿತೆಯ 116ನೆಯ ಕಲಂ ಆ ಪಟ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ತೀವ್ರ ನೋವಿನ ಅವಧಿಯನ್ನಷ್ಟೇ 20 ದಿನಗಳಿಂದ 15ಕ್ಕೆ ಇಳಿಸಿದೆ. ಹಲ್ಲು ಮುರಿದ ಮೊಕದ್ದಮೆಗಳನ್ನು ನಾನೇ ಬೇಕಾದಷ್ಟು ನಡೆಸಿದ್ದೇನೆ. ಕಕ್ಷಿದಾರರು ಯಾರೂ ನಗುತ್ತಿರಲಿಲ್ಲ.

ಅಲ್ಲಿಯ ಅಧಿಕೃತ ಪಾನೀಯ ‘ಕಾಫಿ’ ಎಂದು ಬರೆದದ್ದನ್ನು ತಪ್ಪೆನ್ನಲಾರೆ, ಆದರೆ ಕಾಫಿ ನಾಡಿನವನಾಗಿ ಸುಮ್ಮನಿರಲೂ ಆರೆ. 1993ರಲ್ಲಿ ಆ ಗೌರವ ಪಡೆದದ್ದು ಕಾಫಿ ಮಿಲ್ಕ್. ತಣ್ಣನೆಯ ಹಾಲಿಗೆ ಸಕ್ಕರೆ ತುಂಬಿದ ಕಾಫಿ ಪಾಕವನ್ನು ಕಲಸಿದ್ದು. ಮೊಮ್ಮಗಳು ಒಂದು ಲೋಟ ತಂದುಕೊಟ್ಟಳು, ಕುಡಿದೆ, ಮಕ್ಕಳಿಗೆ ಒಳ್ಳೆಯದು.

ಎರಡನೆಯ ತಪ್ಪು ಕೋಳಿಯದು. ‘ಕೋಳಿಯನ್ನು ರಾಜ್ಯಪಕ್ಷಿ ಮಾಡಿಕೊಂಡ ಏಕೈಕ ರಾಜ್ಯ’ ಎಂದಿದ್ದೀರಿ. ಹತ್ತಿರದ ಇನ್ನೊಂದು ಪುಟ್ಟ ರಾಜ್ಯವಾದ ಡೆಲವೇರ್ 1939ರಲ್ಲಿಯೇ ‘ಬ್ಲೂ ಹೆನ್’ ಎಂಬ ಕೋಳಿಗೆ ಆ ಸ್ಥಾನ ಕೊಟ್ಟಿತ್ತು. ರೋಡ್ ಐಲೆಂಡ್ ತನ್ನ ಕೆಂಪು ಕೋಳಿಗೆ ಕೊಟ್ಟದ್ದು 1954ರಲ್ಲಿ. ಆ ಕೋಳಿಯ ತಳಿ ರೂಪುಗೊಂಡ ಆಡಮ್ಸ್‌ವಿಲ್ ಎಂಬ ಹಳ್ಳಿಯಲ್ಲಿ 1925ರಿಂದ ಅದಕ್ಕೊಂದು ಸ್ಮಾರಕವೂ ಇದೆ. ತಿದ್ದುಪಡಿ ಹಾಕುವಾಗ ಅದರ ತಳಿಯ ಹೆಸರನ್ನೂ ದಯವಿಟ್ಟು ಸೇರಿಸಿರಿ: ರೋಡ್ ಐಲೆಂಡ್ ರೆಡ್. ಆರ್‌ಐಆರ್ ಎಂದು ಚುಟುಕಾಗಿ ಹೇಳಿದರೆ ನಮ್ಮ ಕೋಳಿ ಸಾಕಣೆಯವರಲ್ಲಿ ಬಹಳ ಮಂದಿಗೆ, ಆ ರಾಜ್ಯ ಎಲ್ಲಿದೆಯೆಂದು ತಿಳಿಯದಿದ್ದರೂ, ಕೋಳಿ ಯಾವುದೆಂದು ತಿಳಿಯುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ವಕೀಲ, ಮಡಿಕೇರಿ