200 ಗಂಟೆಯ ಬೋರ್ಡು ಸಾಕೇ?

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಸ್ವಂತವಾಗಿ ಯೋಗ ಕಲಿಸುವವರಲ್ಲಿ ಯಾರನ್ನು ನಂಬಬೇಕು ಎಂಬುದೇ ಜನರಿಗೆ ತಿಳಿಯದಂತಾಗಿದೆ. ಗೋಕುಲಂ ಕಡೆ ಹೋದರೆ ‘200 ಗಂಟೆ ತರಬೇತಿ’ ಎಂಬ ಬೋರ್ಡುಗಳು ಕಾಣುತ್ತವೆ. ಯೋಗ ಶಿಕ್ಷಕರಾಗಲು ಪಡೆಯುವ ಈ ತರಬೇತಿ ಸಾಮಾನ್ಯವಾಗಿ ಒಂದು ತಿಂಗಳ ಮಾತು. ಈ ಲೆಕ್ಕ ಹಬ್ಬಿದ್ದು ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಸ್ಥೆಯಿಂದ. ಅದು ಹೆಸರು ನೋಂದಾಯಿಸಿಕೊಳ್ಳುತ್ತದೆಯೇ ಹೊರತು ಶಿಕ್ಷಕರಿಗೆ ಪರೀಕ್ಷೆ ಮಾಡುವುದಿಲ್ಲ. ನಮ್ಮಲ್ಲೇ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿ 2018ರಿಂದ ಇದೆ, ಬರೆಯುವ ಪರೀಕ್ಷೆಯ ಜೊತೆಗೆ ಎದುರಿಗೇ ಮಾಡಿಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಅದನ್ನು ಕೇಳುವವರೇ ಕಡಿಮೆ. ನಾನೂ ಮನೆ ಮಹಡಿಯಲ್ಲಿ ಕಲಿಸುವವಳು. ಬಂದವರು ಕೇಳುವುದು ಎರಡೇ: ಫೀಸ್ ಎಷ್ಟು, ತಿಂಗಳಿಗೆ ಎಷ್ಟು ಕೆ.ಜಿ. ಇಳಿಯುತ್ತದೆ! ಬಿಪಿ ಇದೆಯೇ, ಕುತ್ತಿಗೆ ನೋವಿದೆಯೇ ಎಂದೂ ವಿಚಾರಿಸದೆ ಯಾರೋ ಸುಮ್ನೆ ಶೀರ್ಷಾಸನ ಮಾಡಿಸಿದರೆ ಕುತ್ತಿಗೆಗೇ ಕುತ್ತು ಅಲ್ವಾ?

ಯಾರ ಬಳಿ ಎಷ್ಟು ವರ್ಷ ಕಲಿತೆವು, ಯಾವ ಪರೀಕ್ಷೆ ಪಾಸಾದೆವು ಎಂದು ನಾವು ಶಿಕ್ಷಕರೇ ಬೋರ್ಡಿನಲ್ಲಿ ಬರೆಯೋಣ. ಜಿಲ್ಲಾ ಆಯುಷ್ ಇಲಾಖೆಯವರು ಮಂಡಳಿಯ ಪರೀಕ್ಷೆ ಪಾಸಾದವರ ಪಟ್ಟಿಯನ್ನು ಜೂನ್ 21ರ ಯೋಗ ದಿನಕ್ಕೆ ಮೊದಲೇ ಪತ್ರಿಕೆಗಳಿಗೆ ಕೊಡಲಿ.

– ಒಬ್ಬ ಯೋಗ ಶಿಕ್ಷಕಿ, ಮೈಸೂರು