ಚೆನ್ನಾಗಿದ್ದೀನಿ ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ಹೇಗಿದ್ದೀಯಾ ಅಂತ ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ "ಚೆನ್ನಾಗಿದ್ದೀನಿ ದೊಡ್ಡಮ್ಮ" ಅಂದುಬಿಟ್ಟೆ. ಅಷ್ಟು ಬೇಗ ಬರುವ ಉತ್ತರ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ನಿನ್ನಜ್ಜಿ ತೀರಿಕೊಂಡಾಗ ನನಗೆ 15, ನಿನ್ನಮ್ಮನಿಗೆ 8. "ನೀನು ದೊಡ್ಡವಳು, ಅಳಬೇಡ, ತಂಗಿ ಹೆದರ್ತಾಳೆ" ಅಂದರು. ಅಳಲಿಲ್ಲ. ಎಲ್ಲರೂ ಗಟ್ಟಿ ಹುಡುಗಿ ಅಂತ ಹೊಗಳಿದರು. ಮುಂದಿನ ವರ್ಷ ತರಗತಿಯಲ್ಲಿ ಯಾರೋ ಕೈ ತಗುಲಿಸಿ ನನ್ನ ಜಾಮಿಟ್ರಿ ಬಾಕ್ಸ್ ಬೀಳಿಸಿದರು. ಅಮ್ಮ ಕೊಡಿಸಿದ್ದು. ಮುಚ್ಚಳ ಸ್ವಲ್ಪ ನೆಗ್ಗಿತು, ಅಷ್ಟೇ. ಅವತ್ತು ಶುರುವಾದ ಅಳು ಸಂಜೆಯವರೆಗೂ ನಿಲ್ಲಲಿಲ್ಲ.

ನಿನಗೂ ಈ ವರ್ಷ ಎಲ್ಲವೂ ಒಟ್ಟಿಗೆ ಬಂತು. ಅಪ್ಪ ಅಮ್ಮ ಬೇರೆಯಾದರು, ಮನೆ ಬದಲಾಯಿತು, ಕಾಲೇಜು ಹೊಸದು. ಕಾಲೇಜಂತೂ ನೀನು ಬಯಸಿದ್ದೇ, ಹಾಗಾಗಿ ದುಃಖಪಡಲು ನಿನಗೇ ಸಂಕೋಚ, ಅಲ್ವಾ? 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು, ಮನುಷ್ಯನನ್ನು ದಣಿಸುವ 43 ಘಟನೆಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಸಾವು, ವಿಚ್ಛೇದನದ ಜೊತೆ ಮದುವೆಯೂ ಇದೆ, ದೊಡ್ಡ ಸಾಧನೆಯೂ ಇದೆ, ರಜೆಯೂ ಇದೆ. ಬೇಕು ಅಂತ ಪಡೆದ ಬದಲಾವಣೆಯೂ ಸುಸ್ತು ಮಾಡುತ್ತದೆ. ನೀನು ಸೋಮಾರಿಯಾಗಿಲ್ಲ ಪುಟ್ಟಿ, ದಣಿದಿದ್ದೀಯಾ.

ಇನ್ನೊಂದು ಮಾತು. ಇದನ್ನು ನಿನ್ನಮ್ಮನಿಗೂ ಹೇಳಿದ್ದೇನೆ. ಅವರಿಬ್ಬರು ಬೇರೆಯಾಗಿದ್ದಕ್ಕೆ ನೀನು ಕಾರಣ ಅಲ್ಲ. ನೀನು ಜಾಸ್ತಿ ಅಂಕ ತೆಗೆದಿದ್ದರೂ, ಎದುರು ಮಾತಾಡದೆ ಇದ್ದಿದ್ದರೂ ಅದು ನಿಲ್ಲುತ್ತಿರಲಿಲ್ಲ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ಕೆಲಸವನ್ನೂ ಹೊತ್ತುಕೊಳ್ಳಬೇಡ. "ಅದನ್ನ ನೀವೇ ಮಾತಾಡಿಕೊಳ್ಳಿ" ಅನ್ನು. ಅದು ಒರಟುತನ ಅಲ್ಲ. ಅಪ್ಪನ ನೆನಪಾದರೆ ಅಮ್ಮನ ಮುಂದೆಯೇ ಹೇಳಬಹುದು, ಅಮ್ಮನಿಗೆ ದ್ರೋಹ ಮಾಡಿದಂತೆ ಆಗುವುದಿಲ್ಲ. ರಾತ್ರಿ ಅಮ್ಮ ಅತ್ತರೆ ಪಕ್ಕದಲ್ಲಿ ಕೂತುಕೋ. ಆದರೆ ಅವಳನ್ನು ಸಂಭಾಳಿಸುವ ಹೊಣೆ ನಿನ್ನದಲ್ಲ. ಅದಕ್ಕೆ ಅವಳ ಅಕ್ಕ ನಾನಿದ್ದೇನೆ.

ಎಲ್ಲಾ ಹೊಸದಾದಾಗ ಒಂದೆರಡು ಹಳೆಯದನ್ನು ಬಿಡದೆ ಹಿಡಿದುಕೋ. ಹಳೆಯ ಹೊದಿಕೆ, ಹಳೆಯ ಗೆಳತಿಗೆ ವಾರಕ್ಕೊಂದು ಫೋನು, ಬೆಳಗಿನ ನಡಿಗೆ, ಯಾವುದಾದರೂ ಸರಿ. ನಿನ್ನ ವಯಸ್ಸಿಗೆ ದಿನಕ್ಕೆ 8 ಗಂಟೆಯಾದರೂ ನಿದ್ದೆ ಬೇಕು, ಅದರಲ್ಲಿ ಮಾತ್ರ ಕಡಿತ ಬೇಡ. ಹೇಳಲಾಗದ್ದನ್ನು ಒಂದು ಕಾಲು ಗಂಟೆ ಕೂತು ಬರೆ. ಬರೆದು ಹರಿದುಹಾಕಿದರೂ ನಡೆಯುತ್ತದೆ. ಕೋರ್ಸ್ ಬಿಡುವುದು, ಕೂದಲು ಪೂರ್ತಿ ಕತ್ತರಿಸುವುದು, ಯಾರ ಜೊತೆಗೋ ಸಂಬಂಧ ಪೂರ್ತಿ ಕಡಿದುಕೊಳ್ಳುವುದು, ಇವೆಲ್ಲ ಸ್ವಲ್ಪ ತಿಂಗಳು ಕಾಯಲಿ. (ಕೂದಲಾದರೆ ಮತ್ತೆ ಬೆಳೆಯುತ್ತದೆ, ಅದು ನಿನ್ನಿಷ್ಟ.)

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದೆ, ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನಿಸುತ್ತಿದ್ದರೆ ಕಾಲೇಜಿನ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಹೋಗಬೇಕು. ಒಬ್ಬಳೇ ಹೋಗಲು ಕಷ್ಟವಾದರೆ ನಾನು ಬರುತ್ತೇನೆ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ ಬೆಳಗಾಗಲಿ ಅಂತ ಕಾಯಬೇಡ. ಅಮ್ಮನನ್ನು ಎಬ್ಬಿಸು, ನನ್ನನ್ನು ಎಬ್ಬಿಸು. ನಾನು ಬೈಯುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ.

ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಈ ಸಲ ಹೇಗಿದ್ದೀಯಾ ಅಂತ ಕೇಳುವುದಿಲ್ಲ. ಮಾತಾಡಬೇಕು ಅನಿಸಿದರೆ ಮಾತಾಡು. ಇಲ್ಲದಿದ್ದರೆ ಫೋನ್ ಹಿಡಿದುಕೊಂಡು ಇಬ್ಬರೂ ಸುಮ್ನೆ ಕೂತಿರೋಣ.

ನಿನ್ನ
ದೊಡ್ಡಮ್ಮ