ನಿಟ್ಟೂರರ ತೀರ್ಪುಗಳು ಕನ್ನಡಕ್ಕೆ ಬರಲಿ: ಕಾನೂನು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರಗಳು.

ಕೇಂದ್ರ ಸರ್ಕಾರದ ಆಡಳಿತದಲ್ಲಿನ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರು ಯಾರು ಎಂದು ಕೇಳಿದರೆ ನಮ್ಮ ಕಾನೂನು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರು ನಮ್ಮವರೇ. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು.

1903ರಲ್ಲಿ ಹುಟ್ಟಿದ ನಿಟ್ಟೂರರು ವಕೀಲಿ ಮಾಡುತ್ತಲೇ ಬೆಂಗಳೂರಿನಲ್ಲಿ ಸತ್ಯಶೋಧನ ಪುಸ್ತಕ ಭಂಡಾರ ತೆರೆದರು, ಕನ್ನಡ ಪುಸ್ತಕಗಳನ್ನು ಪ್ರಕಟಿಸಿದರು. ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೂ ಹೆಗಲು ಕೊಟ್ಟರು.

ಅವರು ನ್ಯಾಯಪೀಠದಲ್ಲಿದ್ದ ಕಾಲ ಸುಲಭದ್ದಲ್ಲ. 1956ರ ನವೆಂಬರ್ 1ರಂದು ಹಳೇ ಮೈಸೂರಿನ ಜೊತೆಗೆ ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳೂ ಕೊಡಗೂ ಸೇರಿದವು. ಒಂದೊಂದು ಕಡೆಯಿಂದ ಒಂದೊಂದು ಬಗೆಯ ಕಂದಾಯ ಕಾನೂನು, ಗೇಣಿ ಕಾನೂನು, ನೌಕರರ ಜ್ಯೇಷ್ಠತೆಯ ತಕರಾರು ಒಂದೇ ಹೈಕೋರ್ಟಿಗೆ ಬಂದವು. ಏಕೀಕರಣವೆಂದರೆ ನಮಗೆ ಮೆರವಣಿಗೆ, ಹಾಡು, ಬಾವುಟ ನೆನಪಾಗುತ್ತವೆ. ಬೀದರಿನ ಗೇಣಿದಾರನೂ ಮಂಗಳೂರಿನ ಗುಮಾಸ್ತನೂ ಒಂದೇ ರಾಜ್ಯದ ಪ್ರಜೆಗಳಾದದ್ದು ಹೈಕೋರ್ಟಿನ ಕಟ್ಟಡವಾದ ಅಠಾರಾ ಕಚೇರಿಯ ಕೋಣೆಗಳಲ್ಲೂ ಹೌದು. ನನಗಂತೂ ಈ ಕೆಲಸ ಹೋರಾಟಕ್ಕಿಂತ ಚಿಕ್ಕದೆನಿಸುವುದಿಲ್ಲ.

1963ರಲ್ಲಿ, ಅರವತ್ತು ತುಂಬುವ ಹೊತ್ತಿಗೆ ಅವರು ನಿವೃತ್ತರಾದರು. ಮರುವರ್ಷ ಫೆಬ್ರವರಿಯಲ್ಲಿ, ಭ್ರಷ್ಟಾಚಾರ ತಡೆಗೆಂದು ನೇಮಕವಾಗಿದ್ದ ಸಂತಾನಂ ಸಮಿತಿಯ ಶಿಫಾರಸಿನಂತೆ ಹುಟ್ಟಿದ ಜಾಗೃತ ಆಯೋಗಕ್ಕೆ ಕೇಂದ್ರ ಸರ್ಕಾರ ಅವರನ್ನು ಕರೆಯಿತು. ಆಗ ಅದಕ್ಕೆ ಶಾಸನದ ಬಲವಿರಲಿಲ್ಲ, ಇದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ. ಆಯೋಗಕ್ಕೆ ಸಂಸತ್ತಿನ ಕಾಯ್ದೆ ಬಂದದ್ದು 2003ರಲ್ಲಿ. ಹಿಂದಿನವರ ಮೇಲ್ಪಂಕ್ತಿಯಿಲ್ಲದ ಆ ಕುರ್ಚಿಯಲ್ಲಿ 1968ರ ಆಗಸ್ಟ್‌ವರೆಗೆ ಕೂತು ಕೆಲಸ ಮಾಡಿದರು. 2004ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಸ್ವಾಮಿ, ನಾನು ಪ್ರತಿಮೆ ಕೇಳುತ್ತಿಲ್ಲ. ರಸ್ತೆಗೆ ಹೆಸರಿಡಿ ಎನ್ನುವುದೂ ಇಲ್ಲ. ನಿಟ್ಟೂರರೂ ಅವರ ಜೊತೆಗಾರರೂ ಏಕೀಕರಣದ ಮೊದಲ ವರ್ಷಗಳಲ್ಲಿ ಕೊಟ್ಟ ತೀರ್ಪುಗಳು ಇಂಗ್ಲಿಷ್ ವರದಿ ಸಂಪುಟಗಳಲ್ಲಿವೆ. ಮುಖ್ಯವಾದವನ್ನು ಆರಿಸಿ, ಇಬ್ಬರು ಹಿರಿಯ ವಕೀಲರಿಂದಲೂ ಒಬ್ಬ ಇತಿಹಾಸಕಾರರಿಂದಲೂ ಕನ್ನಡಕ್ಕೆ ತರಿಸಿ. ಪ್ರತಿ ತೀರ್ಪಿಗೂ ಆ ಪ್ರಕರಣದ ಹಿನ್ನೆಲೆ ಬರೆಸಿ. ಪುಸ್ತಕವನ್ನು ಜಿಲ್ಲಾ ಗ್ರಂಥಾಲಯಗಳಿಗೂ ಕಾನೂನು ಕಾಲೇಜುಗಳಿಗೂ ಕಳಿಸಿ. ನ್ಯಾಯಾಂಗ ಅಕಾಡೆಮಿಗೆ ಬರುವ ಹೊಸ ಸಿವಿಲ್ ನ್ಯಾಯಾಧೀಶರ ಕೈಗೂ ಒಂದು ಪ್ರತಿ ಸಿಗಲಿ. ಇದಕ್ಕೆ ದೊಡ್ಡ ಮೊತ್ತ ಬೇಕಿಲ್ಲ. ಮುಂದಿನ ಬಜೆಟ್ಟಿನಲ್ಲಿ ನಿಮ್ಮ ಇಲಾಖೆಯ ಲೆಕ್ಕದಲ್ಲಿ ಇದಕ್ಕೊಂದು ಸಾಲು ಸೇರಿಸಿಕೊಡಿ.

ವಿಶ್ವಾಸಪೂರ್ವಕವಾಗಿ,
ಬೆಂಗಳೂರಿನ ಒಬ್ಬ ಓದುಗ